ಕಾರ್ಬೊರೇಟರಿಗೆ ಕಟ್ಟಿದ ಖಣ

ಇಳಕಲ್ಲಿನ ಬಸ್‌ಸ್ಟ್ಯಾಂಡಿನ ಹಿಂದೆ ಗ್ಯಾರೇಜು ಇಟ್ಟಿದ್ದ ಹುಲ್ಲಪ್ಪನಿಗೆ ಎರಡು ವಿಷಯಕ್ಕೆ ಭಾರಿ ಜಂಬವಿತ್ತು. ಒಂದು, ತಂದೆತಾಯಿ ಇಲ್ಲದ ತಂಗಿ ರೇಣವ್ವನನ್ನು ತಾನೇ ಸಾಕಿ, ತಾನೇ ಲಗ್ನ ಮಾಡಿಕೊಟ್ಟದ್ದು. ಇನ್ನೊಂದು, ಮೋಟರ್‌ಸೈಕಲ್ಲಿನ ಕಾರ್ಬೊರೇಟರಿಗೆ ಕೈ ಹಚ್ಚಿದರೆ ತನ್ನಂಥವನು ಹುನಗುಂದ ತಾಲೂಕಿನಲ್ಲೇ ಇಲ್ಲ ಎಂಬುದು. ಮೊದಲನೆಯದಕ್ಕೆ ಊರೇ ಸಾಕ್ಷಿ. ಎರಡನೆಯದಕ್ಕೆ ಅವನ ಬಾಯಿಯೇ ಸಾಕ್ಷಿ. ಎಂಬತ್ತಮೂರನೆಯ ಇಸವಿಯ ಕಾರ್ತಿಕ ಮಾಸದ ಒಂದು ಮುಂಜಾನೆ ಈ ಎರಡೂ ಜಂಬಗಳು ಒಂದೇ ಗಾಡಿಯ ಮೇಲೆ ಕೂತು ಊರು ಬಿಟ್ಟು ಹೋದವು.

ಗಾಡಿ ರೇಣವ್ವನ ಗಂಡ ಬಂಡೆಪ್ಪನದು. ಬಂಡೆಪ್ಪ ತುಳಸಿಗೇರಿಯವನು, ಕುರಿ ವ್ಯಾಪಾರಿ. ಇವತ್ತು ಅಮೀನಗಡ, ನಾಳೆ ಕೆರೂರ ಎಂದು ಸಂತೆಯಿಂದ ಸಂತೆಗೆ ಯೆಜ್ಡಿ ಗಾಡಿಯ ಮೇಲೆ ತಿರುಗುವವನು. ಮನುಷ್ಯ ಒಳ್ಳೆಯವನೇ, ಆದರೆ ತಾನು ಬರುವುದು ಒಂದು ಮೈಲಿ ಮೊದಲೇ ಜನಕ್ಕೆ ಕೇಳಿಸಬೇಕು ಎಂಬ ಚಟ ಅವನಿಗೆ. ಅದಕ್ಕಾಗಿ ಕೊಲ್ಲಾಪುರದಿಂದ ಎರಡು ಗಿಡ್ಡ ಸೈಲೆನ್ಸರ್ ತರಿಸಿದ್ದ. ಒಳಗೆ ಜಾಳಿಗೆಯಿಲ್ಲ, ಅಡ್ಡಿಯಿಲ್ಲ, ಬರೀ ಪೊಳ್ಳು ಕೊಳವೆ. ಗಾಳಿ ಸೋಸುವ ಡಬ್ಬಿ ತೆಗೆದು ಅದರ ಜಾಗದಲ್ಲಿ ಕೂರಿಸಲು ತುತ್ತೂರಿಯ ಬಾಯಿಯಂಥದೊಂದು ಹಿತ್ತಾಳೆಯ ಸಾಮಾನನ್ನೂ ತಂದಿದ್ದ. "ಹುಲ್ಲಣ್ಣ, ಇವನ್ನ ಹಾಕಿ ಗಾಡಿ ಹದ ಮಾಡಿ ಕೊಡು, ಹುಲಿ ಆಗಬೇಕು" ಎಂದು ಹೆಂಡತಿಯನ್ನೂ ಗಾಡಿಯನ್ನೂ ಒಟ್ಟಿಗೇ ಇಳಕಲ್ಲಿಗೆ ತಂದು ಬಿಟ್ಟ.

ಹೆಂಡತಿಯನ್ನು ತಂದದ್ದಕ್ಕೆ ಬೇರೆ ಕಾರಣವಿತ್ತು. ಲಗ್ನವಾಗಿ ಏಳು ವರ್ಷದ ಮೇಲೆ ರೇಣವ್ವನಿಗೆ ಮೂರು ತಿಂಗಳಾಗಿತ್ತು. ಮೂರರಲ್ಲಿ ತವರಿನವರು ಯಾರಿಗೂ ಹೇಳದೆ ಹಸಿರು ಸೀರೆ, ಕುಪ್ಪಸದ ಖಣ ಕೊಟ್ಟು ಉಡಿ ತುಂಬುವ ಕಳ್ಳ ಕುಬಸ ನಮ್ಮ ಕಡೆ ಉಂಟಲ್ಲ, ಅದಕ್ಕೆ. ಹುಲ್ಲಪ್ಪನ ಹೆಂಡತಿ ಹನಮವ್ವ ಬಾಗಿಲು ಮುಂದೆ ಮಾಡಿಕೊಂಡು ಉಡಿ ತುಂಬಿದಳು. ಅಂದು ಹುಲ್ಲಪ್ಪ ಅಡುಗೆಮನೆಯ ಮೂಲೆಯಲ್ಲಿ ನಿಂತು ಕಣ್ಣು ಒರೆಸಿಕೊಂಡ. ಕೇಳಿದರೆ ಒಗ್ಗರಣೆಯ ಹೊಗೆ ಎಂದ.

ಗಾಡಿಯ ಕೆಲಸ ಮಾತ್ರ ಅಷ್ಟು ಸಲೀಸಾಗಿ ಮುಗಿಯಲಿಲ್ಲ. ಹೊಗೆ ಸರಾಗವಾಗಿ ಹೊರಗೆ ಹೋದರೆ ಗಾಳಿಯೂ ಸರಾಗವಾಗಿ ಒಳಗೆ ನುಗ್ಗುತ್ತದೆ. ಗಾಳಿ ಹೆಚ್ಚಿದರೆ ಪೆಟ್ರೋಲೂ ಹೆಚ್ಚಬೇಕು. ಹಿಟ್ಟು ಸುರಿಯುತ್ತ ಹೋಗಿ ನೀರು ಅಷ್ಟೇ ಬಿಟ್ಟರೆ ರೊಟ್ಟಿ ಬಿರಿಯುವುದಿಲ್ಲವೆ, ಹಾಗೆ. ಅದರಲ್ಲೂ ಯೆಜ್ಡಿಗೆ ಎಣ್ಣೆ ಬೇರೆ ದಾರಿಯಿಂದ ಹೋಗುವುದಿಲ್ಲ, ಪೆಟ್ರೋಲಿನಲ್ಲೇ ಬೆರೆತು ಹೋಗುತ್ತದೆ. ಪೆಟ್ರೋಲು ಕಡಿಮೆಯೆಂದರೆ ಎಣ್ಣೆಯೂ ಕಡಿಮೆ. ಪೂರ್ತಿ ರೇಸ್ ಕೊಟ್ಟು ನಾಲ್ಕು ಫರ್ಲಾಂಗು ಓಡಿಸಿದರೆ ಸಾಕು, ಪಿಸ್ಟನ್ ಕಾದು ಉಬ್ಬಿ ಸಿಲಿಂಡರನ್ನು ಕಚ್ಚಿ ಹಿಡಿಯುತ್ತದೆ. ಹಿಂದಿನ ಗಾಲಿ ಅಲ್ಲೇ ನಿಂತುಬಿಡುತ್ತದೆ. ಮೇಲೆ ಕೂತವರು ಮಾತ್ರ ನಿಲ್ಲುವುದಿಲ್ಲ.

ಇದು ಹುಲ್ಲಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ಮೂರು ದಿನ ಹುನಗುಂದ ರಸ್ತೆಯಲ್ಲಿ ಗಾಡಿ ಓಡಿಸಿದ. ಪೂರ್ತಿ ರೇಸಿನಲ್ಲಿರುವಾಗಲೇ ಚಾವಿ ಆರಿಸಿ, ಕ್ಲಚ್ ಹಿಡಿದು ನಿಲ್ಲಿಸಿ, ಅಲ್ಲೇ ಪ್ಲಗ್ ಬಿಚ್ಚಿ ಬಣ್ಣ ನೋಡಿದ. ಕರ್ರಗಿದ್ದರೆ ಪೆಟ್ರೋಲು ಹೆಚ್ಚು, ಹುರಿದ ಗೋಧಿಯ ಬಣ್ಣವಿದ್ದರೆ ಹದ, ಬೆಳ್ಳಗಿದ್ದರೆ ಗಂಡಾಂತರ. ಪ್ರತಿ ಸಲವೂ ಸುಣ್ಣ ಬಳಿದಂತೆ ಬೆಳ್ಳಗೆ ಬಂತು. ಕಾರ್ಬೊರೇಟರಿನೊಳಗಿನ ಸೂಜಿಯನ್ನು ಎತ್ತುವಷ್ಟು ಎತ್ತಿದ. ಅದರಿಂದ ನಿಧಾನವಾಗಿ ಹೋಗುವಾಗ ಹದ ಬಂತು, ಜೋರು ಹೋದರೆ ಮತ್ತೆ ಬಿಳುಪೇ. ಜೋರಿಗೆ ಪೆಟ್ರೋಲು ಬಿಡುವುದು ಮೇನ್ ಜೆಟ್ಟು, ಕೂದಲೆಳೆ ತೂರುವಷ್ಟು ರಂಧ್ರದ ಹಿತ್ತಾಳೆಯ ತುಣುಕು. ದೊಡ್ಡ ರಂಧ್ರದ ಜೆಟ್ಟು ಬೇಕು. ಅದು ಇಳಕಲ್ಲಿನಲ್ಲಿಲ್ಲ, ಬಾಗಲಕೋಟೆಯಲ್ಲೂ ಇಲ್ಲ. ಹುಬ್ಬಳ್ಳಿಗೆ ಹೇಳಿ ಕಳಿಸಿ ಎಂಟು ದಿನವಾದರೂ ಬರಲಿಲ್ಲ. ಬಂಡೆಪ್ಪನಿಗೋ ಸಂತೆಯ ಅವಸರ.

ಆಗ ಹುಲ್ಲಪ್ಪನಿಗೆ ಉಪಾಯ ಹೊಳೆಯಿತು. ಪೆಟ್ರೋಲು ಹೆಚ್ಚಿಸಲಾಗದಿದ್ದರೆ ಗಾಳಿಯನ್ನೇ ಕಡಿಮೆ ಮಾಡಿದರಾಯಿತು! ಹನಮವ್ವನ ಟ್ರಂಕಿನಿಂದ ಗುಳೇದಗುಡ್ಡದ ಹಳೆಯದೊಂದು ಹಸಿರು ಖಣ ಎಳೆದುಕೊಂಡು ಬಂದ. ಒಂದು ಮಡಿಕೆ ಕಟ್ಟಿ ನೋಡಿದ, ಸಾಲಲಿಲ್ಲ. ಎರಡು ಮಡಿಕೆ ಮಾಡಿ ಆ ಹಿತ್ತಾಳೆಯ ಬಾಯಿಗೆ ಬಿಗಿದು ತಂತಿ ಸುತ್ತಿದ. ರಸ್ತೆಗೆ ಹೋಗಿ ಬಂದು ಪ್ಲಗ್ ಬಿಚ್ಚಿದ. ಹುರಿದ ಗೋಧಿ! ಖುಷಿಗೆ ಒಬ್ಬನೇ ನಿಂತು ಸೀಟಿನ ಮೇಲೆ ಗುದ್ದಿದ.

ಇಷ್ಟಕ್ಕೇ ನಿಂತಿದ್ದರೆ ಕತೆಯೇ ಇರುತ್ತಿರಲಿಲ್ಲ.

ಕೆಲಸ ಮುಗಿದ ಹೊತ್ತಿಗೆ ರಸ್ತೆಯ ಆಚೆ ಚಹಾದಂಗಡಿಯ ಮುಂದೆ ಮುರ್ತುಜಸಾಬ ನಿಂತಿದ್ದ. ಹುಲ್ಲಪ್ಪ ಪಾನಾ ಹಿಡಿಯಲು ಕಲಿತದ್ದೇ ಈ ಮುರ್ತುಜಸಾಬನ ಕೈಕೆಳಗೆ, ಎಂಟು ವರ್ಷ. ಒಂದು ದಿನ ಮಾತಿಗೆ ಮಾತು ಬೆಳೆದು ಬಿಟ್ಟು ಬಂದು ತನ್ನದೇ ಗ್ಯಾರೇಜು ತೆರೆದಿದ್ದ. ಅಂದಿನಿಂದ ಇವನ ಪಾಲಿಗೆ ಗುರು ವೈರಿಯಾದ. ಆತ ಈ ಕಡೆ ಸುಳಿದರೆ ಸಾಕು, ಬಿಚ್ಚಿಟ್ಟ ಕಾರ್ಬೊರೇಟರಿನ ಮೇಲೆ ಗೋಣಿಚೀಲ ಮುಚ್ಚುವುದು ಹುಲ್ಲಪ್ಪನ ಪದ್ಧತಿ. ತನ್ನ ವಿದ್ಯೆ ಕಳುವಾದೀತೆಂಬ ಅಂಜಿಕೆ.

ಅದೇ ಹೊತ್ತಿಗೆ ರೇಣವ್ವ ಅಣ್ಣನಿಗೆ ಬುತ್ತಿ ತಂದಳು. ಗಾಡಿಯ ಹೊಟ್ಟೆಗೆ ಕಟ್ಟಿದ ಹಸಿರು ಬಟ್ಟೆ ಕಂಡು, "ಇದೇನಣ್ಣಾ, ಗಾಡಿಗೆ ಖಣಾ ಕಟ್ಟೀದಿ?" ಎಂದು ಗಟ್ಟಿಯಾಗಿಯೇ ಕೇಳಿದಳು.

ಮುರ್ತುಜಸಾಬ ಇತ್ತ ತಿರುಗಿದ. ಹುಲ್ಲಪ್ಪನ ಬಾಯಿಂದ ಮಾತು ತಾನಾಗಿಯೇ ಬಂತು: "ಅದಾ? ದೃಷ್ಟಿಗವ್ವ. ಹೊಸಾ ಸೈಲೆನ್ಸರ್ ಹಾಕೇವಿ, ಮಂದಿ ಕಣ್ಣ ಬೀಳತೈತಿ. ಅದಕ್ಕ ಕಟ್ಟೀನಿ."

ರೇಣವ್ವ ಕೂಡಲೇ ಚಪ್ಪಲಿ ಕಳಚಿ ಅದಕ್ಕೆ ಕೈ ಮುಗಿದಳು. ಬಂಡೆಪ್ಪನಿಗಾದರೂ ಗುಟ್ಟಾಗಿ ಹೇಳಬಹುದಿತ್ತು. ಆದರೆ ಬಂಡೆಪ್ಪನಿಗೆ ಹೇಳಿದರೆ ನಾಲ್ಕು ಸಂತೆಗೆ ಡಂಗುರ ಹೊಡೆಸಿದಂತೆ. ದೃಷ್ಟಿಗೆ ಕಟ್ಟಿದ್ದನ್ನು ಯಾರು ಮುಟ್ಟುತ್ತಾರೆ, ಇರಲಿ ಬಿಡು ಎಂದುಕೊಂಡ. ಜಾಣತನ ಒಮ್ಮೊಮ್ಮೆ ಹೀಗೆಯೇ ಮನುಷ್ಯನ ಕಣ್ಣು ಕಟ್ಟುತ್ತದೆ.

ಮರುದಿನ ಮುಂಜಾನೆ ಗಂಡಹೆಂಡತಿ ಹೊರಟರು. ಹುಲ್ಲಪ್ಪ ಗ್ಯಾರೇಜಿನ ಮುಂದೆ ನಿಂತು, "ಮೆಲ್ಲಕ ಹೋಗ್ರಿ, ಎರಡ ಜೀವದಾಕಿ ಹಿಂದ ಕುಂತಾಳ" ಎಂದ. "ಎತ್ತಿನ ಬಂಡಿಯಂಗ ಒಯ್ತೇನಿ" ಎಂದು ಬಂಡೆಪ್ಪ ನಕ್ಕ. ಹೊಸ ಸೈಲೆನ್ಸರಿನ ಸದ್ದಿಗೆ ಬಸ್‌ಸ್ಟ್ಯಾಂಡಿನ ಕಾಗೆಗಳೆಲ್ಲ ಎದ್ದವು. ಹುಲ್ಲಪ್ಪನ ಎದೆ ಒಂದು ಗೇಣು ಉಬ್ಬಿತು.

ಮುಕ್ಕಾಲು ತಾಸಿನ ಮೇಲೆ ರೊಟ್ಟಿ ತಿನ್ನಲು ಮನೆಗೆ ಹೋದ. ಹನಮವ್ವ ತಾಟಿಗೆ ಪಲ್ಲೆ ಬಡಿಸುತ್ತ ತೃಪ್ತಿಯಿಂದ ಹೇಳಿದಳು: "ರೇಣವ್ವಗ ಎಲ್ಲಾ ಸರಿಯಾಗಿ ಹೇಳಿ ಕಳಿಸೀನ್ರಿ. ದೃಷ್ಟಿಗೆ ಕಟ್ಟಿದ್ದನ್ನ ಸೀಮಿ ದಾಟಿಸಬಾರದು, ಹುನಗುಂದ ದಾರ್ಯಾಗ ಮೂರು ಹಾದಿ ಕೂಡ್ತಾವಲ್ಲ, ಅಲ್ಲಿ ಬಿಚ್ಚಿ ನಿಂಬಿಹಣ್ಣಿನ ಸಂಗಾಟ ಒಗದು ತಿರಿಗಿ ನೋಡಲಾರದ ಹೋಗವ್ವಾ ಅಂದೀನಿ. ಬಸರ ಹೆಂಗಸು, ದೃಷ್ಟಿ ಹೊತ್ಕೊಂಡು ಗಂಡನ ಊರು ಹೊಗಬಾರದು."

ಹುಲ್ಲಪ್ಪನ ಕೈಯಲ್ಲಿ ಮುರಿದ ರೊಟ್ಟಿ ಹಾಗೆಯೇ ಉಳಿಯಿತು. "ಏನಂದಿ?"

"ಯಾಕ್ರಿ, ನೀವ ಕಟ್ಟಿದ್ದಲ್ಲ? ದೃಷ್ಟಿಗೆ ಅಂತ?"

ಅವಳ ತಪ್ಪೇನು? ಹುಟ್ಟಿದಾಗಿನಿಂದ ನೋಡಿಕೊಂಡು ಬಂದದ್ದನ್ನು ಮಾಡಿಸಿದ್ದಳು. ದೃಷ್ಟಿಯ ಹೆಸರು ಹೇಳಿದವನು ದೃಷ್ಟಿಯ ಪದ್ಧತಿಯನ್ನು ಮರೆತಿದ್ದ. ಎದ್ದವನು ಕೈ ತೊಳೆಯಲಿಲ್ಲ. ಸೈಕಲ್ ಹತ್ತಿ ಹುನಗುಂದ ರಸ್ತೆಗೆ ತುಳಿದ. ದಾರಿಯುದ್ದಕ್ಕೂ, ಬಂಡೆಪ್ಪ ಮರೆತಿರಲಿ, ತಂತಿ ಬಿಚ್ಚಲು ಬಾರದಿರಲಿ, ಬೀರಪ್ಪಾ, ಒಂದು ಸಲ ನನ್ನ ತಂಗಿಗೆ ಮರೆವು ಕೊಡಪ್ಪಾ ಎಂದು ಬೇಡಿಕೊಂಡ.

ಮೂರು ಹಾದಿ ಕೂಡುವಲ್ಲಿ ಜಾಲಿಯ ಗಿಡದ ಬುಡಕ್ಕೆ ಖಣ ಬಿದ್ದಿತ್ತು. ಪಕ್ಕದಲ್ಲಿ ಹೋಳು ಮಾಡಿದ ನಿಂಬೆಹಣ್ಣು, ಒಂದಿಷ್ಟು ಕುಂಕುಮ. ತಂತಿಯನ್ನು ನೀಟಾಗಿ ಬಿಚ್ಚಿ ಸುರುಳಿ ಸುತ್ತಿ ಇಟ್ಟಿದ್ದರು. ಹುಲ್ಲಪ್ಪ ಆ ಖಣ ಎತ್ತಿಕೊಂಡು ನಡುರಸ್ತೆಯಲ್ಲಿ ಕೂತುಬಿಟ್ಟ.

ಕೂತರೆ ಆಗುವುದಿಲ್ಲ. ಮೆಲ್ಲಗೆ ಹೋದರೆ ಏನೂ ಆಗುವುದಿಲ್ಲ, ಸೂಜಿ ಎತ್ತಿದ್ದೇನೆ, ಮೆಲ್ಲಗೆ ಹೋದರೆ ಎಣ್ಣೆ ಸಿಗುತ್ತದೆ. ಬಂಡೆಪ್ಪ ಮೆಲ್ಲಗೇ ಹೋಗುತ್ತಾನೆ, ಹೆಂಡತಿ ಬಸುರಿ. ಆದರೆ ತುಳಸಿಗೇರಿ ಎಲ್ಲಿ, ಇಳಕಲ್ಲು ಎಲ್ಲಿ! ಅಷ್ಟು ದಾರಿಯಲ್ಲಿ ಒಂದು ಸಲವೂ ಜೋರು ಮಾಡದೆ ಇರುತ್ತಾನೆಯೇ ಅವನು? ಹುಲಿ ಆಗಬೇಕು ಎಂದು ಗಾಡಿ ಮಾಡಿಸಿಕೊಂಡವನು? ಹುನಗುಂದದ ಬಸ್ಸಿಗೆ ಇನ್ನೂ ಒಂದು ತಾಸಿತ್ತು. ಟೆಲಿಫೋನು ಮಾಡಿದರೆ ಯಾರಿಗೆ ಮಾಡುವುದು, ಏನೆಂದು ಹೇಳುವುದು? ಊರಲ್ಲಿ ಯೆಜ್ಡಿಯನ್ನು ಬೆನ್ನಟ್ಟಬಲ್ಲ ಗಾಡಿ ಒಂದೇ ಇತ್ತು. ಅದು ಮುರ್ತುಜಸಾಬನ ಬುಲೆಟ್ಟು.

ಆರು ವರ್ಷದಿಂದ ತುಳಿಯದ ಬಾಗಿಲದು. ಹುಲ್ಲಪ್ಪ ಸೈಕಲ್ಲನ್ನು ಅಂಗಳದಲ್ಲೇ ಬೀಳಗೊಟ್ಟು ಒಳಗೆ ನುಗ್ಗಿದ. ಮುರ್ತುಜಸಾಬ ಚಹಾ ಕುಡಿಯುತ್ತ ಕೂತಿದ್ದ.

"ಉಸ್ತಾದ್, ನಿಮ್ಮ ಕಾಲಿಗೆ ಬೀಳ್ತೇನಿ, ಬುಲೆಟ್ ಕೊಡ್ರಿ."

"ಯಾಕಲೇ ಹುಲ್ಯಾ? ಏನಾತು?"

ಹೇಳಲೇಬೇಕಾಯಿತು. ಯಾರಿಗೆ ತಿಳಿಯಬಾರದೆಂದು ಗೋಣಿಚೀಲ ಮುಚ್ಚುತ್ತಿದ್ದನೋ ಅವನ ಮುಂದೆಯೇ ಆ ಎಣ್ಣೆ ಹಿಡಿದ ಖಣ ಚಾಚಿ, ಅಳುತ್ತ ಹೇಳಿದ. "ಎರಡು ಮಡಿಕಿ ಮಾಡಿ ಕಾರ್ಬೊರೇಟರಿಗೆ ಕಟ್ಟಿದ್ದೆ. ಬಿಚ್ಚಿ ಒಗದಾರ. ಹಿಂದ ನನ್ನ ತಂಗಿ ಕುಂತಾಳ್ರಿ. ಮೂರು ತಿಂಗಳ ಬಸರಿ."

"ಜೆಟ್ ಎಷ್ಟರದು ಐತಿ?"

"ಕಂಪನಿದ ಐತ್ರಿ. ದೊಡ್ಡದು ಸಿಗಲಿಲ್ಲ."

ಮುರ್ತುಜಸಾಬ ಮತ್ತೇನೂ ಕೇಳಲಿಲ್ಲ. ಬಸಿಯಲ್ಲಿ ಚಹಾ ಹಾಗೆಯೇ ಬಿಟ್ಟು ಎದ್ದ. "ನೀ ಹೊಡಿಬ್ಯಾಡ, ಹಿಂದ ಕುಂಡ್ರು" ಎಂದು ಕಿಕ್ ಹೊಡೆದ.

ಐವತ್ತೆಂಟು ವರ್ಷದ ಮುದುಕ ಹೇಗೆ ಓಡಿಸಿದನೆಂದರೆ, ಹುಲ್ಲಪ್ಪನ ಕಣ್ಣೀರು ಕೆನ್ನೆಗಿಳಿಯದೆ ಕಿವಿಯ ಕಡೆ ಹೋಯಿತು. ಗಣಿಯ ಕಲ್ಲು ಹೇರಿಕೊಂಡ ಲಾರಿಗಳು ಹಿಂದೆ ಬಿದ್ದವು. ಸ್ವಲ್ಪ ದೂರ ಹೋದ ಮೇಲೆ ಮುರ್ತುಜಸಾಬ ತಿರುಗದೆಯೇ ಕೂಗಿ ಕೇಳಿದ: "ದೃಷ್ಟಿ ಅಂತ ಯಾಕ ಹೇಳಿದಿಲೇ?"

"ನೀವು ಎದುರಿಗೆ ನಿಂತಿದ್ರಿ."

ಮುರ್ತುಜಸಾಬ ಇನ್ನೊಂದು ಲಾರಿಯನ್ನು ಹಿಂದೆ ಹಾಕಿದ. ಆಮೇಲೆ ಮುದುಕ ಹೇಳಿದ: "ನಮ್ಮ ಉಸ್ತಾದ್ ಬಾದಾಮ್ಯಾಗ ಧೋತರದ ಚೂರು ಕಟ್ಟತಿದ್ದ. ನೀ ಹುಟ್ಟಿದ್ದಿಲ್ಲ ಆಗ. ನಿನ್ನೆ ಚಾದಂಗಡಿ ಮುಂದ ನಿಂತಾಗನ ನನಗ ಗೊತ್ತಾತು, ಹುಲ್ಯಾ ಅರಿವಿ ಕಟ್ಟ್ಯಾನ, ಭೇಷ್ ಅಂದೆ ಮನಸಿನ್ಯಾಗ. ಇದರಾಗ ಕದಿಯೂದೇನೈತಿ? ಆದ್ರ ನಮ್ಮ ಉಸ್ತಾದ್ ಗಿರಾಕಿಗೆ ಮೂರು ಸಲ ಹೇಳತಿದ್ದ, ಇದನ್ನ ಬಿಚ್ಚಬ್ಯಾಡ, ಬಿಚ್ಚಿದ್ರ ಸಾಯ್ತಿ ಅಂತ. ಕಸಬು ಅರಿವಿ ಕಟ್ಟೂದ್ರಾಗ ಇಲ್ಲೋ, ಆ ಮಾತು ಹೇಳೂದ್ರಾಗ ಐತಿ."

ಹುಲ್ಲಪ್ಪನಿಗೆ ಚಲಿಸುವ ಗಾಡಿಯಿಂದ ಹಾರಿಬಿಡೋಣ ಎನಿಸಿತು. ಊರಿನ ಮುದುಕರಿಗೆಲ್ಲ ಗೊತ್ತಿದ್ದ ಸಂಗತಿಯನ್ನು ನಿಧಿಯಂತೆ ಮುಚ್ಚಿಟ್ಟಿದ್ದ. ಅದನ್ನು ಕಾಯಲು ತಂಗಿಗೇ ಸುಳ್ಳು ಹೇಳಿದ್ದ. ಅಟ್ಟ ಮೇಲೆ ಒಲೆ ಉರಿಯಿತು, ಕೆಟ್ಟ ಮೇಲೆ ಬುದ್ಧಿ ಬಂತು ಎನ್ನುತ್ತಾರೆ. ಒಲೆ ಉರಿದರೆ ಕಟ್ಟಿಗೆಯಷ್ಟೇ ಹೋಗುತ್ತದೆ.

ಹುನಗುಂದದ ಪೆಟ್ರೋಲ್ ಪಂಪಿನಲ್ಲಿ ಸಂಗಯ್ಯ ಎಂಬವನಿದ್ದ, ಹಣೆತುಂಬ ವಿಭೂತಿ ಬಳಿದ ಸಾಧು ಮನುಷ್ಯ. ಬುಲೆಟ್ಟು ನಿಲ್ಲುವ ಮೊದಲೇ ಹುಲ್ಲಪ್ಪ ಕೂಗಿದ: "ಅಯ್ಯಾರ, ಯೆಜ್ಡಿ ಬಂದಿತ್ತೇನ್ರಿ? ಭಾಳ ಸಪ್ಪಳದ್ದು?"

"ಬಂದಿತ್ತಲ್ಲೋ. ಅರ್ಧಾ ತಾಸಾತು. ಪೆಟ್ರೋಲ್ ಹಾಕಿಸಿಕೊಂಡ್ರು. ಏರ ಹತ್ತೂವಾಗ ಗಾಡಿ ಏನೋ ಟಣ್ ಟಣ್ ಅಂತೈತಿ ಅಂತ ಆತ ಪ್ಲಗ್ ಬಿಚ್ಚಿ ತೋರಿಸಿದ. ಏನ್ ಚಂದ ಇತ್ತಂತಿ! ವಿಭೂತಿ ಧರಿಸಿದಂಗ ಬೆಳ್ಳಗ. ಕರೀದಿದ್ರ ಅಂಜಬೇಕಪ್ಪಾ, ಇದು ಶುಭ, ಅಂಜಬ್ಯಾಡ ಹೋಗು ಅಂದೆ."

ಮುರ್ತುಜಸಾಬನ ಬಾಯಿಂದ "ಯಾ ಅಲ್ಲಾ" ಎಂಬುದಷ್ಟೇ ಬಂತು. ಹುಲ್ಲಪ್ಪ ಸಂಗಯ್ಯನ ಹಣೆಯನ್ನೇ ನೋಡುತ್ತಿದ್ದ. ಇಂಜಿನ್ನು ಕಿರುಚಿ ಹೇಳಿತ್ತು, ಪ್ಲಗ್ಗು ಬಣ್ಣ ತೋರಿಸಿ ಹೇಳಿತ್ತು. ಅದರ ಭಾಷೆ ತಿಳಿದವನು ಅಲ್ಲಿರಲಿಲ್ಲ, ಇಳಕಲ್ಲಿನಲ್ಲಿ ಎದೆ ಉಬ್ಬಿಸಿಕೊಂಡು ನಿಂತಿದ್ದ.

ಅಮೀನಗಡದಲ್ಲಿ ಕರದಂಟಿನ ಅಂಗಡಿಯ ಮುಂದೆ ಕೇಳಿದರು. ಹೌದು, ಬಂದಿದ್ದರು. ಹೆಣ್ಣುಮಗಳಿಗೆ ಓಕರಿಕೆ ಬರುತ್ತಿತ್ತು, ನೆರಳಲ್ಲಿ ಕೂಡಿಸಿ ಸೋಡಾ ಕುಡಿಸಿದರು, ಅತ್ತೆಗೆಂದು ಪಾವಕಿಲೋ ಕರದಂಟು ಕಟ್ಟಿಸಿಕೊಂಡಳು. "ಈಗ ಹೋದ್ರಲ್ಲ. ಕಾಲು ತಾಸೂ ಆಗಿಲ್ಲ."

ಕಾಲು ತಾಸು! ಹುಲ್ಲಪ್ಪನಿಗೆ ಜೀವ ಬಂದಂತಾಯಿತು. "ಹೊಡೀರಿ ಉಸ್ತಾದ್, ಸಿಗ್ತಾರ. ಮೆಲ್ಲಕ ಹೊಂಟಾರ ಅವರು, ಸಿಗ್ತಾರ." ಸಿಕ್ಕರೆ ಏನು ಮಾಡಬೇಕೆಂದು ಕೂಡ ಯೋಚಿಸಿದ. ಮೊದಲು ಬಂಡೆಪ್ಪನ ಕೊರಳಪಟ್ಟಿ ಹಿಡಿದು ಗಾಡಿ ಆರಿಸುವುದು. ಆಮೇಲೆ ರೇಣವ್ವನನ್ನು ಬಸ್ಸಿಗೆ ಹತ್ತಿಸುವುದು. ಎಲ್ಲರ ಮುಂದೆ ತಪ್ಪೊಪ್ಪಿಕೊಂಡು ಬಯ್ಯಿಸಿಕೊಳ್ಳುವುದು. ಆ ಬೈಗುಳಕ್ಕಾಗಿ ಅವನ ಕಿವಿ ಹಸಿದಿತ್ತು.

ಕಮತಗಿಯ ಕಡೆ ರಸ್ತೆ ಇಳಿಯುತ್ತದೆ. ಇಳಿಜಾರಿನ ನಡುವೆ, ಬಲಗಡೆಯ ಹೊಲದ ಬದುವಿನಲ್ಲಿ ಯೆಜ್ಡಿ ಮಲಗಿತ್ತು.

ಹತ್ತಿರ ಯಾರೂ ಇರಲಿಲ್ಲ. ಕುರಿ ಕಾಯುವ ಲಕ್ಷ್ಮಪ್ಪ ಎಂಬ ಮುದುಕ ಕೋಲು ಊರಿಕೊಂಡು ಗಾಡಿಗೆ ಕಾವಲು ನಿಂತಿದ್ದ. ರಸ್ತೆಯ ಮೇಲೆ ಕರೀ ಗೆರೆಯೊಂದು ಇಪ್ಪತ್ತು ಮಾರು ಉದ್ದ ಎಳೆದಂತಿತ್ತು, ನೆಟ್ಟಗೆ ಬಂದು ಕೊನೆಯಲ್ಲಿ ಅಡ್ಡ ತಿರುಗಿತ್ತು. ಕರದಂಟಿನ ಪೊಟ್ಟಣ ಒಡೆದು ಚೂರುಗಳಿಗೆ ಇರುವೆ ಮುತ್ತಿದ್ದವು.

"ಬಾಗಲಕೋಟಿ ಬಸ್ಸನ್ಯಾಗ ಒಯ್ದಾರಪ್ಪ" ಎಂದ ಲಕ್ಷ್ಮಪ್ಪ. "ಗಂಡಸಿನ ಕೈ ಮುರದೈತಿ. ಹೆಣ್ಣಮಗಳಿಗೆ ಮ್ಯಾಲ ಏನೂ ಗಾಯ ಕಾಣಲಿಲ್ಲ. ತಾನ ನಡಕೊಂಡು ಹೋಗಿ ಬಸ್ ಹತ್ತಿದ್ಲು. ಆದ್ರ ಹೊಟ್ಟಿ ಹಿಡಕೊಂಡಿದ್ಲು."

ಹುಲ್ಲಪ್ಪ ಬಾಗಿ ಕಿಕ್ ಒತ್ತಿದ. ಅದು ಕೂದಲೆಳೆಯಷ್ಟೂ ಅಲುಗಲಿಲ್ಲ. ಸಿಲಿಂಡರ್ ಇನ್ನೂ ಬಿಸಿಯಿತ್ತು. ಆ ಹಿತ್ತಾಳೆಯ ಬಾಯಿ ಬರಿದಾಗಿ, ಮುಚ್ಚಳ ತೆಗೆದ ಬಾವಿಯಂತೆ ಅವನ ಮುಖವನ್ನೇ ನೋಡಿತು. ಅವನು ಬಿಸಿ ಲೋಹಕ್ಕೆ ಅಂಗೈ ಒತ್ತಿ ಹಿಡಿದ. ಮುರ್ತುಜಸಾಬ ಬಂದು ಕೈ ಕಿತ್ತು ಎಳೆದುಕೊಂಡು ಹೋಗಬೇಕಾಯಿತು.

ಬಾಗಲಕೋಟೆಯ ದವಾಖಾನೆಯಲ್ಲಿ ಬಂಡೆಪ್ಪ ವರಾಂಡದ ಬೆಂಚಿನ ಮೇಲೆ ಕೂತಿದ್ದ. ಕೈ ಕಟ್ಟಿ ಕೊರಳಿಗೆ ತೂಗುಹಾಕಿದ್ದರು. ಹುಲ್ಲಪ್ಪನನ್ನು ಕಂಡದ್ದೇ ಸಣ್ಣ ಹುಡುಗನಂತೆ ಅತ್ತುಬಿಟ್ಟ.

"ನಿನ್ನಾಣಿ ಹುಲ್ಲಣ್ಣ, ಅಲ್ಲೀತನ ಎತ್ತಿನ ಬಂಡಿಯಂಗ ತಂದಿದ್ದೆ. ಮುಂದೊಂದು ಬಸ್ ಇತ್ತು. ಅದರ ಧೂಳು ಹೊಗಿಗೆ ಅಕಿಗೆ ಮತ್ತ ಓಕರಿಕಿ ಬರಾಕತ್ತಿತು. ಬಸ್ ದಾಟಿ ಮುಂದ ಹೋದ್ರ ಅಕಿಗೆ ಚಲೋ ಗಾಳಿ ಸಿಗತೈತಿ ಅಂತ ಅಷ್ಟ ಒಂದ್ ಸಲ ರೇಸ್ ಕೊಟ್ಟೆ. ದಾಟಿದ್ವಿ. ದಾಟಿ ಎರಡು ಫರ್ಲಾಂಗ ಹೋಗಿದ್ದಿಲ್ಲ, ಯಾರೋ ಹಿಂದಿನ ಗಾಲಿ ಹಿಡದು ನಿಲ್ಲಿಸಿದಂಗಾತು."

"ರೇಣವ್ವ?"

ಬಂಡೆಪ್ಪ ತಲೆ ಅಲ್ಲಾಡಿಸಿದ. "ಅಕಿ ಅದಾಳ. ಕೂಸು ಹೋತು."

ಹುಲ್ಲಪ್ಪ ಗೋಡೆಗೆ ಒರಗಿದ. ತಂಗಿ ಬದುಕಿದ್ದಾಳೆಂಬ ಸಮಾಧಾನಕ್ಕೆ ಎದೆಯಲ್ಲಿ ಜಾಗವೇ ಸಿಗಲಿಲ್ಲ. ಏಳು ವರ್ಷ ಬೀರಪ್ಪನ ಗುಡಿಗೆ ಸೋಮವಾರ ತಪ್ಪದೆ ನಡೆದವಳು, ಊರ ಹೆಂಗಸರ ಮಾತು ನುಂಗಿಕೊಂಡವಳು, ಮೊನ್ನೆ ಉಡಿ ತುಂಬುವಾಗ ತಲೆಯೆತ್ತದೆ ನಗುತ್ತಿದ್ದವಳು. ಅವಳ ಮುಖ ನೋಡುವುದು ಹೇಗೆ?

ಸಂಜೆಯ ಹೊತ್ತಿಗೆ ತುಳಸಿಗೇರಿಯಿಂದ ಬಂಡೆಪ್ಪನ ತಾಯಿ ಸಾವಂತ್ರವ್ವ ಬಂದಳು. ಆಮೇಲೆ ಒಳಗೆ ಬಿಟ್ಟರು. ಉದ್ದನೆಯ ಕೋಣೆ, ಎರಡೂ ಕಡೆ ಹೆಂಗಸರ ಮಂಚಗಳು. ರೇಣವ್ವ ಕಿಟಕಿಯ ಪಕ್ಕದ ಮಂಚದಲ್ಲಿದ್ದಳು. ಮೈಮೇಲಿನ ಹಸಿರು ಸೀರೆ ತೆಗೆಸಿ ದವಾಖಾನೆಯ ಬಿಳಿ ಬಟ್ಟೆ ಹೊದಿಸಿದ್ದರು. ಅಣ್ಣನನ್ನು ಕಂಡು ಏಳಲು ಹೋದಳು, ಆಗಲಿಲ್ಲ.

"ನಂದ ತಪ್ಪಾತಣ್ಣಾ" ಎಂದಳು.

"ಹಂಗನಬ್ಯಾಡವ್ವ."

"ಇಲ್ಲಣ್ಣಾ. ಅತ್ತಿಗೆವ್ವ ಬಡಕೊಂಡು ಹೇಳಿದ್ಲು, ಒಗದ ಮ್ಯಾಲೆ ತಿರಿಗಿ ನೋಡಬ್ಯಾಡ ಅಂತ. ನಾ ನೋಡಿಬಿಟ್ಟೆ. ಆ ಮೂರು ಹಾದಿ ತಾವಿಂದ ನಿನ್ನ ಗ್ಯಾರೇಜಿನ ತಗಡು ಕಾಣತೈತಲ್ಲ, ಹೊಸಾದು, ಬಿಸಲಿಗೆ ಹೊಳಿಯಾಕತ್ತಿತ್ತು. ಇನ್ನ ಹೆರಿಗಿಗೆ ಬರೂತನಕ ನೋಡೂದಿಲ್ಲಂತ ಒಂದ ಸಲ ತಿರಿಗಿದೆ. ನೀ ಕಟ್ಟಿದ್ದು ಎಲ್ಲಾ ವ್ಯರ್ಥ ಮಾಡಿದೆ."

ಸಾವಂತ್ರವ್ವ ಸೆರಗು ಬಾಯಿಗೊತ್ತಿಕೊಂಡು ಕೂತವಳು ಈಗ ಹಾಡಿಕೊಂಡು ಅಳತೊಡಗಿದಳು. "ಕೇಳಿದೇನಪ್ಪಾ ನಿನ್ನ ತಂಗಿ ಮಾತ? ಏಳು ವರ್ಷ ಹರಕಿ ಹೊತ್ತೆ. ಒಂದು ಗಳಗಿ ಕುತ್ತಿಗಿ ನೆಟ್ಟಗ ಇಟ್ಟಿದ್ರ ಮೊಮ್ಮಗ ಉಳಿತಿದ್ದ! ತವರ ಮ್ಯಾಲಿನ ಆಸೆಗೆ ಹೊಟ್ಟಿ ಸುಟ್ಟಕೊಂಡ್ಲು!" ಅಕ್ಕಪಕ್ಕದ ಮಂಚದ ಹೆಂಗಸರು ಚ್‌ಚ್ ಎಂದರು. ತಿರುಗಿ ನೋಡಬಾರದಿತ್ತು, ಹೌದು, ಬಸುರಿ ತಿರುಗಿ ನೋಡಬಾರದಿತ್ತು ಎಂದು ಒಬ್ಬರಿಗೊಬ್ಬರು ಹೇಳಿಕೊಂಡರು.

ಹುಲ್ಲಪ್ಪ ಬಾಗಿಲಿನ ಕಡೆ ನೋಡಿದ. ಮುರ್ತುಜಸಾಬ ಹೊಸ್ತಿಲ ಆಚೆ ನೆಲ ನೋಡುತ್ತ ನಿಂತಿದ್ದ. ಆತ ಹೇಳುವವನಲ್ಲ, ಮೂರು ಸಲ ಬಡಿದರೂ ಹೇಳುವುದಿಲ್ಲ. ಹುಲ್ಲಪ್ಪ ಸುಮ್ಮನಿದ್ದರೆ ಮುಗಿಯಿತು. ದೃಷ್ಟಿ ತಾಗಿತು, ಆದದ್ದಾಯಿತು. ತವರು ತವರಾಗಿಯೇ ಉಳಿಯುತ್ತದೆ, ಅಣ್ಣ ಅಣ್ಣನಾಗಿಯೇ ಉಳಿಯುತ್ತಾನೆ. ರೇಣವ್ವ ಮಾತ್ರ ಸಾಯುವ ತನಕ, ಒಂದು ಸಲ ಕುತ್ತಿಗೆ ತಿರುಗಿಸಿ ಕೂಸನ್ನು ಕೊಂದವಳಾಗಿ ತುಳಸಿಗೇರಿ ಮನೆಯಲ್ಲಿ ರೊಟ್ಟಿ ಬಡಿಯಬೇಕು. ಮಾತಾಡಲು ಅವನಿಗೆ ಭಯವಾಯಿತು. ಸುಮ್ಮನಿರಲು ಅದಕ್ಕಿಂತ ಹೆಚ್ಚು ಭಯವಾಯಿತು.

ಅಂಗಿಯ ಒಳಗಿನಿಂದ ಖಣ ತೆಗೆದು ಮಂಚದ ಮೇಲಿಟ್ಟ.

"ರೇಣವ್ವ, ಇದು ದೃಷ್ಟಿದಲ್ಲ."

"ಏನಣ್ಣಾ?"

"ದೃಷ್ಟಿಗೆ ಕಟ್ಟಿದ್ದಲ್ಲ ಇದು. ಗಾಡಿಗೆ ಗಾಳಿ ಹೆಚ್ಚಾಗಿತ್ತು, ತಡಿಯಾಕ ಕಟ್ಟಿದ್ದೆ. ಇದು ಇದ್ರ ಗಾಡಿಗೆ ಏನೂ ಆಗ್ತಿದ್ದಿಲ್ಲ. ಉಸ್ತಾದ್‌ಗ ಗೊತ್ತಾಗಬಾರದು ಅಂತ ನಿನಗ ಸುಳ್ಳ ಹೇಳಿದೆ. ನಿಮ್ಮ ಅತ್ತಿಗಿಗೂ ಹೇಳಲಿಲ್ಲ, ಬಂಡೆಪ್ಪಗೂ ಹೇಳಲಿಲ್ಲ. ನೀವು ಬಿಚ್ಚಿದ್ರಿ, ಇಂಜಿನ್ ಜಾಮ್ ಆತು. ನನ್ನ ಸುಳ್ಳಿಂದ ಆತವ್ವ."

ಸಾವಂತ್ರವ್ವ ಅಳುವುದನ್ನು ನಿಲ್ಲಿಸಿ ಬೀಗನ ಮುಖವನ್ನೇ ನೋಡಿದಳು. ಆಮೇಲೆ ಎದ್ದು ನಿಂತು, ಕೂಗದೆ, ಸಣ್ಣ ದನಿಯಲ್ಲಿ ಹೇಳಿದಳು: "ನಮ್ಮ ಹೊಸ್ತಲಾ ಇನ್ನ ತುಳಿಬ್ಯಾಡಪ್ಪಾ. ಅಕೀನೂ ನಿಮ್ಮ ಮನಿಗೆ ಕಳಸೂದಿಲ್ಲ."

ಹುಲ್ಲಪ್ಪ ತಲೆ ಆಡಿಸಿದ. ಅವನು ಕಾಯುತ್ತಿದ್ದದ್ದು ತಂಗಿಯ ಮಾತಿಗೆ. ರೇಣವ್ವ ಖಣದ ಅಂಚನ್ನು ಬೆರಳಲ್ಲಿ ಸವರುತ್ತ ಮಲಗಿದ್ದಳು. ಅದರಿಂದ ಕಣ್ಣೆತ್ತದೆಯೇ ಕೇಳಿದಳು: "ಹಂಗಾರ ನಾ ತಿರಿಗಿ ನೋಡಿದ್ದಕ್ಕ ಆಗಿದ್ದಲ್ಲೇನು?"

"ಅಲ್ಲವ್ವ. ನೀ ನೂರು ಸಲ ತಿರಿಗಿ ನೋಡಿದ್ರೂ ಏನೂ ಆಗ್ತಿದ್ದಿಲ್ಲ."

ಅವಳ ಮುಖ ಒಂದು ಗಳಿಗೆ ಸಡಿಲಾಯಿತು. ಮೈಮೇಲಿಂದ ಯಾರೋ ಹೊರೆ ಇಳಿಸಿದಂತೆ ಉಸಿರು ಬಿಟ್ಟಳು. ಅದನ್ನು ನೋಡಿ ಹುಲ್ಲಪ್ಪ, ಇಷ್ಟಾದರೂ ಸಾಕು ದೇವರೇ ಎಂದುಕೊಂಡ. ಅಷ್ಟರಲ್ಲಿ ಅವಳು ಖಣದಿಂದ ಬೆರಳು ತೆಗೆದಳು.

"ನಾ ಚಪ್ಪಲಿ ಬಿಟ್ಟು ಅದಕ್ಕ ಕೈ ಮುಗದಿದ್ದೆನಲ್ಲಣ್ಣಾ" ಎಂದಳು. "ನಮ್ಮಣ್ಣ ಕಟ್ಟ್ಯಾನ, ನನ್ನ ಕೂಸಿನ್ನ ಕಾಯಪ್ಪಾ ಅಂತ. ನೀ ಬಾಜೂಕ ನಿಂತು ನೋಡಾಕತ್ತಿದ್ದಿ."

ರೇಣವ್ವ ಗೋಡೆಯ ಕಡೆ ಮಗ್ಗಲಾದಳು. ಹುಲ್ಲಪ್ಪ ಬಾಗಿಲ ತನಕ ಹೋಗಿ ನಿಂತ, ಆದರೆ ಅವಳು ಈ ಸಲ ತಿರುಗಿ ನೋಡಲಿಲ್ಲ.